ಮನೆಯೋ, ಬಳಗವೋ, ಮನ್ನಣೆಯೋ: ಅಮೆರಿಕದ ಕೃಷಿ ಫ್ರೆಟರ್ನಿಟಿಗಳಲ್ಲಿ ಯಾವುದು ನಿಮಗೆ

ಹೆಬ್ಬಾಳದಲ್ಲಿ ಕೃಷಿ ಓದಿ, ಪಿಎಚ್‌ಡಿಗೆಂದು ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ವಿಶ್ವವಿದ್ಯಾಲಯ ಸೇರಿದ ಎರಡನೆಯ ವರ್ಷ. ವಿಭಾಗದ ಅಂಚೆ ಗೂಡಿನಲ್ಲಿ ನನ್ನ ಹೆಸರಿಗೆ ಒಂದು ಲಕೋಟೆ ಬಂದಿತ್ತು. ಮೇಲೆ ಮೂರು ಗ್ರೀಕ್ ಅಕ್ಷರ, ಒಳಗೆ ಸದಸ್ಯತ್ವಕ್ಕೆ ಆಹ್ವಾನ, ಕೊನೆಗೆ ಕಟ್ಟಬೇಕಾದ ಶುಲ್ಕ. ಗ್ರೀಕ್ ಅಕ್ಷರವೆಂದರೆ ಫ್ರೆಟರ್ನಿಟಿ, ಅಂದರೆ ಕಾಲೇಜು ಹುಡುಗರು ಸಂಘ ಕಟ್ಟಿಕೊಂಡು ಒಟ್ಟಿಗಿರುವ, ಶನಿವಾರ ರಾತ್ರಿ ಅಬ್ಬರಿಸುವ ಮನೆ ಎಂದಷ್ಟೇ ತಿಳಿದಿದ್ದ ನಾನು ಅದನ್ನು ಹರಿದು ಬುಟ್ಟಿಗೆ ಹಾಕಿದೆ. ಎರಡು ವಾರದ ನಂತರ ನನ್ನ ಮಾರ್ಗದರ್ಶಕರು ‘ಗಾಮಾ ಸಿಗ್ಮಾ ಡೆಲ್ಟಾದವರಿಗೆ ಉತ್ತರ ಕಳುಹಿಸಿದಿರಾ?’ ಎಂದು ಕೇಳಿದಾಗಲೇ ಅದು ಮೋಜಿನ ಮನೆಯಲ್ಲ, 1905ರಲ್ಲಿ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಕೃಷಿ ಗೌರವ ಸಂಘ ಎಂದು ಗೊತ್ತಾದದ್ದು. ನನ್ನ ಹೆಸರನ್ನು ಸೂಚಿಸಿದವರು ಅವರೇ. ಗಡುವು ಮುಗಿದುಹೋಗಿತ್ತು.

ಆ ಸಂಕೋಚ ಇಂದಿಗೂ ಹೋಗಿಲ್ಲ. ಧಾರವಾಡ, ಬೆಂಗಳೂರಿನ ಜಿಕೆವಿಕೆಯ ಕೃಷಿ ಕಾಲೇಜುಗಳಿಂದ, ಶಿರಸಿಯ ಅರಣ್ಯ ಕಾಲೇಜಿನಿಂದ ಹೊರಟು ಬರುವವರು ಪ್ರತಿ ವರ್ಷವೂ ಇದೇ ಗೊಂದಲದಲ್ಲಿರುವುದನ್ನು ಕಾಣುತ್ತೇನೆ. ಈಚೆಗೆ ಇನ್ನೊಂದು ಬಗೆಯ ಪ್ರಶ್ನೆಯೂ ಬರುತ್ತಿದೆ: ಅಮೆರಿಕದಲ್ಲೇ ಹುಟ್ಟಿ ಬೆಳೆದ ಕನ್ನಡಿಗರ ಮಕ್ಕಳು ಪಶು ವಿಜ್ಞಾನ, ಸಸ್ಯ ತಳಿವಿಜ್ಞಾನ, ಅರಣ್ಯಶಾಸ್ತ್ರ ಎಂದು ಆರಿಸಿಕೊಳ್ಳುತ್ತಿದ್ದಾರೆ, ಮೊದಲ ವರ್ಷವೇ ಯಾವುದಾದರೊಂದು ಮನೆಗೆ ಸೇರಬೇಕೆನ್ನುತ್ತಾರೆ, ಅಪ್ಪ ಅಮ್ಮ ಹೆದರುತ್ತಾರೆ. ಈ ಬರಹ ಇಬ್ಬರಿಗೂ.

ಮೊದಲು ಇಷ್ಟು ತಿಳಿಯಬೇಕು. ಗ್ರೀಕ್ ಅಕ್ಷರದ ಹೆಸರು ಹೊತ್ತ ಕೃಷಿ ಸಂಘಗಳಲ್ಲಿ ಮೂರು ಜಾತಿ. ಕೆಲವು ಮನೆ ಕೊಡುತ್ತವೆ: ಅಲ್ಲಿ ಮಲಗುತ್ತೀರಿ, ಉಣ್ಣುತ್ತೀರಿ, ಸರದಿಯಂತೆ ಪಾತ್ರೆ ತೊಳೆಯುತ್ತೀರಿ. ಕೆಲವು ಬಳಗ ಕೊಡುತ್ತವೆ: ವಾರಕ್ಕೊಂದು ಸಭೆ, ಸೇವಾಕಾರ್ಯ, ಮುಂದಿನ ಉದ್ಯೋಗಕ್ಕೆ ಪರಿಚಯ. ಇನ್ನು ಕೆಲವು ಮನ್ನಣೆ ಕೊಡುತ್ತವೆ: ಅಂಕಗಳನ್ನು ನೋಡಿ ಅವರೇ ಕರೆಯುತ್ತಾರೆ, ವರ್ಷಕ್ಕೊಂದು ಸಮಾರಂಭ, ಒಂದು ಪದಕ. ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಹೋದರೆ ಆಯ್ಕೆ ಕೆಡುತ್ತದೆ. ನನ್ನ ಲಕೋಟೆಗೆ ಆದದ್ದು ಅದೇ.

ಸ್ನಾತಕೋತ್ತರ ಪದವಿಗೋ ಪಿಎಚ್‌ಡಿಗೋ ಬರುವವರು ಮನೆ ಕೊಡುವ ಫ್ರೆಟರ್ನಿಟಿಯ ಯೋಚನೆಯನ್ನು ಬಿಡಬಹುದು. ಅವು ಪದವಿಪೂರ್ವ ಹಂತ ದಾಟಿ ಮೊದಲ ಪದವಿಗೆ ಬಂದ ಹದಿನೆಂಟು, ಹತ್ತೊಂಬತ್ತರ ಹರೆಯದವರಿಗಾಗಿ ಇರುವಂಥವು. ನೀವು ನೇರವಾಗಿ ‘ಮನ್ನಣೆಯ ಸಂಘಗಳು’ ಎಂಬ ಭಾಗಕ್ಕೆ ಹೋಗಿ. ಮಕ್ಕಳನ್ನು ಪದವಿಗೆ ಕಳುಹಿಸುವ ತಂದೆ ತಾಯಂದಿರು ಮಾತ್ರ ಮುಂದಿನದನ್ನು ನಿಧಾನವಾಗಿ ಓದಬೇಕು.

ಎರಡು ದೊಡ್ಡ ಮನೆಗಳು

ಹುಡುಗರ ಕೃಷಿ ಫ್ರೆಟರ್ನಿಟಿಗಳಲ್ಲಿ ಎದುರಾಗುವ ಎರಡು ಮುಖ್ಯ ಹೆಸರುಗಳು ಆಲ್ಫಾ ಗಾಮಾ ರೋ ಮತ್ತು ಫಾರ್ಮ್‌ಹೌಸ್. ಎರಡೂ ಹೆಚ್ಚುಕಡಿಮೆ ಒಂದೇ ಕಾಲದವು, ಒಂದೇ ಮಣ್ಣಿನವು. ಅಬ್ರಹಾಂ ಲಿಂಕನ್ 1862ರಲ್ಲಿ ಸಹಿ ಮಾಡಿದ ಮಾರಿಲ್ ಕಾಯಿದೆಯಿಂದ ರಾಜ್ಯಕ್ಕೊಂದರಂತೆ ಲ್ಯಾಂಡ್‌ಗ್ರಾಂಟ್ ಕಾಲೇಜುಗಳು, ಅಂದರೆ ಸರ್ಕಾರ ಕೊಟ್ಟ ಜಮೀನಿನ ಹಣದಿಂದ ಕಟ್ಟಿದ ಕಾಲೇಜುಗಳು, ಹುಟ್ಟಿಕೊಂಡವು. ರೈತರ ಮಕ್ಕಳು ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದರು. ಪೇಟೆಯ ಸಿರಿವಂತ ಹುಡುಗರ ಫ್ರೆಟರ್ನಿಟಿಗಳಲ್ಲಿ ಅವರು ಒಗ್ಗುವವರಾಗಿರಲಿಲ್ಲ. ಹಾಗಾಗಿ ತಮ್ಮವೇ ಮನೆಗಳನ್ನು ಕಟ್ಟಿಕೊಂಡರು.

ಇದನ್ನು ಕನ್ನಡಿಗರಿಗೆ ವಿವರಿಸುವಾಗ ನಾನು ಪಾರ್ಟಿಯ ಮಾತನ್ನೇ ಎತ್ತುವುದಿಲ್ಲ, ನಮ್ಮ ಸಮುದಾಯದ ವಿದ್ಯಾರ್ಥಿನಿಲಯಗಳನ್ನು ನೆನಪಿಸುತ್ತೇನೆ. ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಒಂದೊಂದು ಸಮುದಾಯವೂ ಹಳ್ಳಿಯಿಂದ ಬಂದ ತನ್ನ ಹುಡುಗರಿಗೆಂದು ಹಾಸ್ಟೆಲ್ ಕಟ್ಟಿಸಿತು. ಒಂದು ಮಂಚ, ಎರಡು ಹೊತ್ತಿನ ಊಟ, ಮುಂದೆ ಕೆಲಸ ಹುಡುಕುವಾಗ ‘ನಮ್ಮ ಹಾಸ್ಟೆಲಿನ ಹುಡುಗ’ ಎಂಬ ಒಂದು ಮಾತು. ಕೃಷಿ ಫ್ರೆಟರ್ನಿಟಿಯ ಶಕ್ತಿ ಅದೇ ಬಗೆಯದು. ದೋಷವೂ ಅದೇ ಬಗೆಯದು: ಒಳಗಿದ್ದವನಿಗೆ ಬೆಚ್ಚಗೆ, ಹೊರಗಿನವನಿಗೆ ಬಾಗಿಲು ಎಲ್ಲಿದೆಯೆಂದೇ ಗೊತ್ತಾಗುವುದಿಲ್ಲ.

ಆಲ್ಫಾ ಗಾಮಾ ರೋ ಹುಟ್ಟಿದ್ದು ಎರಡು ಸ್ಥಳೀಯ ಸಂಘಗಳ ಕೂಡಿಕೆಯಿಂದ. ಒಂದು ಓಹಾಯೊ ಸ್ಟೇಟ್‌ನದು, ಇನ್ನೊಂದು ಇಲಿನಾಯ್ ವಿಶ್ವವಿದ್ಯಾಲಯದ್ದು. ಎರಡೂ ಕಡೆಯವರಿಗೆ ಪರಿಚಯವಾದದ್ದು ಚಿಕಾಗೋದ ಜಾನುವಾರು ಸ್ಪರ್ಧೆಯಲ್ಲಿ. 1908ರ ಏಪ್ರಿಲ್ 4ರಂದು ಇಂಡಿಯಾನಾಪೊಲಿಸ್‌ನ ಕ್ಲೇಪೂಲ್ ಹೋಟೆಲಿನಲ್ಲಿ ಹದಿನಾರು ಜನ ಸೇರಿ ಸನದಿಗೆ ಸಹಿ ಹಾಕಿದರು. ಮಾರಿಲ್ ಕಾಯಿದೆಯೇ ತಮ್ಮ ಹುಟ್ಟಿಗೆ ಮೂಲ ಎಂದು ಅವರು ಇಂದಿಗೂ ಹೇಳಿಕೊಳ್ಳುತ್ತಾರೆ. ಅವರ ಪತ್ರಿಕೆಯ ಹೆಸರು ‘ಸಿಕಲ್ ಅಂಡ್ ಶೀಫ್’, ಅಂದರೆ ಕುಡುಗೋಲು ಮತ್ತು ಸಿವುಡು. ಆ ಹೆಸರೇ ಮನೆಯ ಗುಣವನ್ನು ಹೇಳುತ್ತದೆ. ಇಲ್ಲಿ ಕೃಷಿ ಬರೀ ಅಲಂಕಾರವಲ್ಲ. ಬೀಜದ ಕಂಪನಿ, ಕೃಷಿ ಸಾಲದ ಬ್ಯಾಂಕು, ಮಾಂಸೋದ್ಯಮ, ರಾಜ್ಯದ ಕೃಷಿ ಇಲಾಖೆ ಎಲ್ಲೆಲ್ಲೂ ಹಳೆಯ ಸದಸ್ಯರಿದ್ದಾರೆ. ಪಾಪ್‌ಕಾರ್ನ್ ಡಬ್ಬಿಯ ಮೇಲೆ ಕನ್ನಡಕ, ಬೋ ಟೈ ಹಾಕಿಕೊಂಡು ನಗುವ ಆರ್ವಿಲ್ ರೆಡೆನ್‌ಬಾಕರ್ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಈ ಫ್ರೆಟರ್ನಿಟಿಯ ಸದಸ್ಯರಾಗಿದ್ದವರು, 1928ರಲ್ಲಿ ಬೇಸಾಯಶಾಸ್ತ್ರದಲ್ಲಿ ಪದವಿ ಪಡೆದವರು.

ಫಾರ್ಮ್‌ಹೌಸ್‌ನ ಹುಟ್ಟು ಬೇರೆ ತೆರನಾದದ್ದು. ಮಿಸೌರಿ ವಿಶ್ವವಿದ್ಯಾಲಯದಲ್ಲಿ ಬೈಬಲ್ ಅಧ್ಯಯನಕ್ಕೆ ಕೂಡುತ್ತಿದ್ದ ಕೃಷಿ ವಿದ್ಯಾರ್ಥಿಗಳಿಗೆ ಒಟ್ಟಿಗೆ ಒಂದೇ ಮನೆಯಲ್ಲಿರೋಣ ಎನ್ನಿಸಿತು. 1905ರ ಏಪ್ರಿಲ್ 15ರಂದು ಏಳು ಮಂದಿ ಒಂದು ಕ್ಲಬ್ ಕಟ್ಟಿದರು. ಗ್ರೀಕ್ ಹೆಸರೇ ಬೇಡ ಎಂದು ತೋಟದ ಮನೆ ಎಂಬ ಅರ್ಥದ ಹೆಸರನ್ನೇ ಇಟ್ಟುಕೊಂಡರು. ಆ ಏಳು ಮಂದಿಯಲ್ಲಿ ಒಬ್ಬರಾದ ಹೋವರ್ಡ್ ಡೋನ್ ಮುಂದೆ ಹೊಲಗಳ ನಿರ್ವಹಣೆಯನ್ನೇ ವೃತ್ತಿಯಾಗಿ ಮಾಡುವ ಸಂಸ್ಥೆ ಕಟ್ಟಿದರು. ಇನ್ನೊಬ್ಬರಾದ ಕ್ಲಾಡ್ ಹಚಿಸನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೃಷಿ ವಿಭಾಗದ ಡೀನ್ ಆಗಿ, ನಿವೃತ್ತಿಯ ನಂತರ ಬರ್ಕ್ಲಿ ನಗರದ ಮೇಯರ್ ಆದರು. ‘ಬಿಲ್ಡರ್ಸ್ ಆಫ್ ಮೆನ್’ ಎಂಬುದು ಅವರ ಧ್ಯೇಯವಾಕ್ಯ. ಬುದ್ಧಿ, ಆತ್ಮ, ಸಮಾಜ, ದೇಹ ನಾಲ್ಕೂ ಒಟ್ಟಿಗೆ ಬೆಳೆಯಬೇಕು ಎಂಬ ಮಾತು ಅಲ್ಲಿ ಪದೇ ಪದೇ ಕೇಳುತ್ತದೆ. ಕೆನಡಾದ ಆಲ್ಬರ್ಟಾದಲ್ಲೂ ಶಾಖೆಯಿದೆ.

ಹಾಗಾದರೆ ಯಾವುದು? ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಹುಡುಗನಿಗೆ ಕೃಷಿ ಉದ್ಯಮದಲ್ಲೇ ಬದುಕು ಕಟ್ಟಿಕೊಳ್ಳುವುದು ಖಚಿತವಾಗಿದ್ದರೆ, ಸಾಕಷ್ಟು ಜನರ ನಡುವೆ ಸಲೀಸಾಗಿ ಬೆರೆಯುವ ಸ್ವಭಾವವಿದ್ದರೆ, ಆಲ್ಫಾ ಗಾಮಾ ರೋ. ಶಾಖೆಗಳ ಸಂಖ್ಯೆಯಲ್ಲಿ ಅದು ದೊಡ್ಡದು, ಅದರ ಹಳಬರ ಬಳಗ ಉದ್ಯಮದೊಳಗೆ ಆಳಕ್ಕೆ ಇಳಿದಿದೆ. ಓದಿನ ಕಡೆಗೆ ಒಲವಿರುವ, ಗದ್ದಲ ಒಲ್ಲದ, ಮುಂದೆ ಕೃಷಿ ಬಿಟ್ಟು ಎಂಜಿನಿಯರಿಂಗ್‌ಗೋ ವೈದ್ಯಕೀಯಕ್ಕೋ ಹೊರಳಬಹುದಾದ ಹುಡುಗನಿಗೆ ಫಾರ್ಮ್‌ಹೌಸ್ ಹೆಚ್ಚು ಹೊಂದುತ್ತದೆ. ಬೇರೆ ವಿಷಯ ಓದುವವರನ್ನೂ ಅದು ಸೇರಿಸಿಕೊಳ್ಳುತ್ತದೆ. ಮನೆಯೊಳಗೆ ಮದ್ಯ ಬೇಡ ಎಂಬ ನಿಲುವಿಗೂ ಅದು ಹೆಸರಾಗಿದೆ. ನಮ್ಮ ಮನೆಗಳ ತಾಯಂದಿರು ಮೊದಲು ಕೇಳುವ ಪ್ರಶ್ನೆ ಮದ್ಯದ್ದೇ ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಆದರೆ ಅಲ್ಲಿಯ ಕ್ರೈಸ್ತ ಹಿನ್ನೆಲೆ ಕೆಲವು ಶಾಖೆಗಳಲ್ಲಿ ಎದ್ದು ಕಾಣುತ್ತದೆ, ಊಟಕ್ಕೆ ಮೊದಲು ಪ್ರಾರ್ಥನೆ ಇರುವ ಮನೆಗಳಿವೆ. ಅದು ಅಡ್ಡಿಯಲ್ಲ ಎನ್ನುವವರಿದ್ದಾರೆ, ಇರುಸುಮುರುಸು ಎನ್ನುವವರಿದ್ದಾರೆ, ಮಗನನ್ನೇ ಕೇಳಿ.

ಊಟದ ಮೇಜಿನ ಎದುರು

ರಾಷ್ಟ್ರಮಟ್ಟದ ಹೆಸರಿಗಿಂತ ಶಾಖೆ ಮುಖ್ಯ. ಒಂದೇ ಹೆಸರಿನ ಎರಡು ಮನೆಗಳು ಎರಡು ಊರುಗಳಲ್ಲಿ ಎರಡು ಲೋಕಗಳಂತೆ ಇರುತ್ತವೆ. ಇದು ನನಗೆ ಮನದಟ್ಟಾದದ್ದು ನನ್ನ ಪ್ರಯೋಗ ತರಗತಿಯ ಒಬ್ಬ ವಿದ್ಯಾರ್ಥಿ ತನ್ನ ಮನೆಗೆ ಬುಧವಾರದ ಊಟಕ್ಕೆ ಕರೆದಾಗ. ಅಧ್ಯಾಪಕರನ್ನೂ ಸಹಾಯಕರನ್ನೂ ಹೀಗೆ ಕರೆಯುವುದು ಈ ಮನೆಗಳಲ್ಲಿ ರೂಢಿ.

ಬಾಗಿಲ ಬಳಿ ಸಾಲಾಗಿ ಮಣ್ಣು ಮೆತ್ತಿದ ಬೂಟುಗಳು, ಒಂದೆರಡರಿಂದ ಕೊಟ್ಟಿಗೆಯ ವಾಸನೆ. ಬೆಳಗ್ಗೆ ಡೇರಿಯಲ್ಲಿ ಹಾಲು ಕರೆದು ಬಂದವನದು ಎಂದರು. ಗೋಡೆಯ ತುಂಬ ವರ್ಷಕ್ಕೊಂದರಂತೆ ಸದಸ್ಯರ ಚಿತ್ರಪಟ. ನಾನು ಒಂದೊಂದನ್ನೂ ನೋಡುತ್ತಾ ಹೋದೆ. ಹಳೆಯವುಗಳಲ್ಲಿ ಒಂದು ಬಿಳಿಯಲ್ಲದ ಮುಖವೂ ಇರಲಿಲ್ಲ, ಹೊಸವುಗಳಲ್ಲಿ ಮೂರೋ ನಾಲ್ಕೋ. ಅಡುಗೆಯವರು ದೊಡ್ಡ ತಟ್ಟೆಗಳಲ್ಲಿ ಹುರಿದ ದನದ ಮಾಂಸ, ಆಲೂಗಡ್ಡೆ, ಜೋಳ ತಂದಿಟ್ಟರು. ನಾನು ಹುರುಳಿಕಾಯಿ ಪಲ್ಯದ ಕಡೆಗೆ ಕೈಚಾಚಿದೆ. ಪಕ್ಕದ ಹುಡುಗ ಮೆಲ್ಲಗೆ ‘ಅದರಲ್ಲಿ ಬೇಕನ್ ಇದೆ’ ಎಂದ. ನಾನು ಸಸ್ಯಾಹಾರಿ ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ನಾನು ಮಾಂಸದ ತಟ್ಟೆಯನ್ನು ಮುಂದಕ್ಕೆ ದಾಟಿಸಿದ್ದನ್ನು ಗಮನಿಸಿದ್ದ, ಅಷ್ಟೆ. ಎದ್ದು ಹೋಗಿ ಒಳಗಿನಿಂದ ಬ್ರೆಡ್ಡು, ಚೀಸು ತಂದುಕೊಟ್ಟ. ಆ ಮನೆಯ ಬಗ್ಗೆ ನನಗೆ ತಿಳಿಯಬೇಕಾದ್ದು ಆ ಒಂದು ನಡೆಯಲ್ಲಿ ತಿಳಿಯಿತು.

ಅದಕ್ಕೇ ಹೇಳುತ್ತೇನೆ, ನೇಮಕಾತಿಯ ಹಬ್ಬದ ದಿನ ಹೋಗಿ ನೋಡಿದರೆ ಸಾಲದು. ‘ರಷ್’ ಎಂದು ಕರೆಯುವ ಆ ದಿನಗಳಲ್ಲಿ ಎಲ್ಲ ಮನೆಗಳೂ ಗುಡಿಸಿ ಸಾರಿಸಿಕೊಂಡು ಕೂತಿರುತ್ತವೆ. ಸಾಮಾನ್ಯ ವಾರದ ಸಾಮಾನ್ಯ ಸಂಜೆಯ ಊಟಕ್ಕೆ ಹೋಗಿ. ಸಸ್ಯಾಹಾರಕ್ಕೆ ಏನು ವ್ಯವಸ್ಥೆ ಎಂದು ಅಡುಗೆಯವರನ್ನೇ ಕೇಳಿ. ಹುಡುಗರು ‘ಏನೋ ಮಾಡೋಣ’ ಎನ್ನುತ್ತಾರೆ, ಅಡುಗೆಯವರು ನಿಜ ಹೇಳುತ್ತಾರೆ. ಓದುವ ಕೋಣೆಯಲ್ಲಿ ಎಂಟು ಗಂಟೆಗೆ ಯಾರಾದರೂ ಇದ್ದಾರೆಯೇ ನೋಡಿ. ಅನೇಕ ವಿಶ್ವವಿದ್ಯಾಲಯಗಳು ಪ್ರತಿ ಸೆಮಿಸ್ಟರ್‌ನಲ್ಲೂ ಪ್ರತಿಯೊಂದು ಮನೆಯ ಸರಾಸರಿ ಅಂಕಗಳನ್ನು ಪ್ರಕಟಿಸುತ್ತವೆ. ನಾಲ್ಕಾರು ಸೆಮಿಸ್ಟರ್‌ಗಳ ಪಟ್ಟಿ ತೆಗೆದು ಹೋಲಿಸಿದರೆ ಗೋಡೆಯ ಮೇಲಿನ ಫಲಕಗಳು ಹೇಳದ್ದು ಗೊತ್ತಾಗುತ್ತದೆ.

ಇನ್ನು ಹೇಜಿಂಗ್. ನಮ್ಮ ರ‍್ಯಾಗಿಂಗ್‌ನ ಅಣ್ಣ ಅದು. ಹೊಸಬರಿಗೆ ಕುಡಿಸುವುದು, ನಿದ್ದೆಗೆಡಿಸುವುದು, ಅವಮಾನ ಮಾಡುವುದು, ಜೀವಗಳೂ ಹೋಗಿವೆ. ಕೃಷಿ ಮನೆಗಳ ಹುಡುಗರು ಸಾಧುಗಳು ಎಂದು ಹೇಳಿ ನಿಮ್ಮನ್ನು ಸಮಾಧಾನಪಡಿಸಲಾರೆ. ಶಿಸ್ತು ಕ್ರಮಕ್ಕೆ ಒಳಗಾಗಿ ಬಾಗಿಲು ಮುಚ್ಚಿದ ಶಾಖೆಗಳು ಎಲ್ಲ ಬಗೆಯ ಫ್ರೆಟರ್ನಿಟಿಗಳಲ್ಲೂ ಇವೆ. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಒಕ್ಕೂಟ ಸರ್ಕಾರ ಹೇಜಿಂಗ್ ತಡೆಯುವ ಕಾಯಿದೆಯನ್ನು ಜಾರಿಗೆ ತಂದಿತು. ತಪ್ಪು ಸಾಬೀತಾದ ಸಂಘಗಳ ಹೆಸರನ್ನೂ ಏನಾಯಿತೆಂಬುದನ್ನೂ ವಿಶ್ವವಿದ್ಯಾಲಯಗಳು ಸಾರ್ವಜನಿಕವಾಗಿ ವರದಿ ಮಾಡಬೇಕೆಂಬುದು ಅದರ ಒಂದು ಅಂಶ. ಆ ವರದಿಯನ್ನು ಓದದೆ ಯಾವ ಮನೆಗೂ ಮುಂಗಡ ಕಟ್ಟಬೇಡಿ. ಅಂಥ ವರದಿಯಲ್ಲಿ ಹೆಸರಿದ್ದರೆ ಅಲ್ಲಿಗೆ ಮುಗಿಯಿತು. ‘ಆಗಿನ ಹುಡುಗರು ಬೇರೆ’ ಎಂಬ ಸಮಜಾಯಿಷಿಯನ್ನು ನಾನು ಒಪ್ಪುವುದಿಲ್ಲ.

ಅಡುಗೆ ನೀವೇ ಮಾಡುವ ಮನೆ

ಬಾಡಿಗೆ ಮತ್ತು ಊಟದ ಖರ್ಚೇ ನಿಮ್ಮ ಮುಖ್ಯ ಚಿಂತೆಯಾಗಿದ್ದರೆ ಸಹಕಾರಿ ಮನೆಗಳನ್ನು ಬಿಟ್ಟು ಮುಂದೆ ಹೋಗಬೇಡಿ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1939ರಲ್ಲಿ ಶುರುವಾದ ನೇಬರ್ ಹೌಸ್ ಕೃಷಿ ವಿದ್ಯಾರ್ಥಿಗಳ ಸಹಕಾರಿ ಫ್ರೆಟರ್ನಿಟಿ. ಅದೇ ಊರಿನಲ್ಲಿ ಹುಡುಗಿಯರಿಗೆ 1934ರಿಂದ 4-ಎಚ್ (ಶಾಲಾ ವಯಸ್ಸಿನವರ ಕೃಷಿ ಸಂಘ) ಹೆಸರಿನ 4-ಎಚ್ ಹೌಸ್ ಇದೆ. ಅಡುಗೆ, ಕಸ, ಪಾತ್ರೆ, ದಿನಸಿ ಲೆಕ್ಕ ಎಲ್ಲವೂ ಸದಸ್ಯರದೇ ಸರದಿ. ಆಳು ಇಡದ್ದರಿಂದ ಉಳಿಯುವ ಹಣವೇ ವಿದ್ಯಾರ್ಥಿಯ ಲಾಭ. ಸರದಿಯ ದಿನ ನಲವತ್ತು ಜನರಿಗೆ ಅನ್ನ ಸಾರು ಮಾಡಿ ಹಾಕಿದರೆ ಮನೆಯವರೆಲ್ಲ ನಿಮ್ಮ ರುಚಿ ಕಲಿಯುತ್ತಾರೆ ಎಂಬುದು ಈ ಮನೆಗಳನ್ನು ನಾನು ಮೆಚ್ಚಲು ಇನ್ನೊಂದು ಕಾರಣ. ಹೆಸರಿನ ಹೊಳಪು ಕಡಿಮೆ, ದೇಶವ್ಯಾಪಿ ಬಳಗವಿಲ್ಲ, ನಿಜ. ಆದರೂ ರೈತನ ಮನೆಯಿಂದ ಬಂದ, ಸಾಲ ಮಾಡಿ ಓದುವ ವಿದ್ಯಾರ್ಥಿಗೆ ನಾನು ಮೊದಲು ಸೂಚಿಸುವುದು ಇದನ್ನೇ.

ಒಂದು ಎಚ್ಚರಿಕೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರು ಖಾಸಗಿ ಫ್ರೆಟರ್ನಿಟಿ ಮನೆಯ ಅಡುಗೆಮನೆಯಲ್ಲಿ ಸಂಬಳಕ್ಕೋ ಉಚಿತ ಊಟಕ್ಕೋ ಕೆಲಸ ಒಪ್ಪಿಕೊಳ್ಳುವ ಮುನ್ನ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯನ್ನು ಕೇಳಲೇಬೇಕು. ಆವರಣದ ಹೊರಗಿನ ಕೆಲಸ ಎಂದು ಪರಿಗಣಿಸಿದರೆ ವೀಸಾಕ್ಕೇ ಕುತ್ತು.

ಹುಡುಗಿಯರಿಗೆ

ಇಲ್ಲಿ ಆಯ್ಕೆ ಸಿಗ್ಮಾ ಆಲ್ಫಾ ಮತ್ತು ಸೀರಿಸ್ ನಡುವೆ. ಸಿಗ್ಮಾ ಆಲ್ಫಾ 1978ರಲ್ಲಿ ಓಹಾಯೊ ಸ್ಟೇಟ್‌ನಲ್ಲಿ ಐದು ಮಂದಿ ವಿದ್ಯಾರ್ಥಿನಿಯರು ಕಟ್ಟಿದ ವೃತ್ತಿಪರ ಸೊರೊರಿಟಿ, ಅಂದರೆ ಹುಡುಗಿಯರ ಫ್ರೆಟರ್ನಿಟಿ. ಹುಡುಗರ ಕೃಷಿ ಸಂಘಗಳು ಆ ಹೊತ್ತಿಗೆ ಎಪ್ಪತ್ತು ವರ್ಷ ಹಳೆಯವಾಗಿದ್ದವು ಎಂಬುದನ್ನು ನೆನೆದರೆ ಕೃಷಿ ಕಾಲೇಜುಗಳಲ್ಲಿ ಹೆಣ್ಣುಮಕ್ಕಳಿಗೆ ಜಾಗ ಸಿಗಲು ಎಷ್ಟು ಕಾಲ ಬೇಕಾಯಿತೆಂದು ತಿಳಿಯುತ್ತದೆ. ಸೀರಿಸ್ 1984ರಲ್ಲಿ ಫಾರ್ಮ್‌ಹೌಸ್‌ನ ಸಮಾವೇಶದಲ್ಲಿ ರೂಪುಗೊಂಡಿತು. ರೋಮನ್ನರ ಧಾನ್ಯದೇವತೆಯ ಹೆಸರನ್ನು ಇಟ್ಟುಕೊಂಡಿತು. ನಮ್ಮ ಅನ್ನಪೂರ್ಣೆಯ ಹಾಗೆ ಎಂದು ನನ್ನ ಪರಿಚಯದ ಹುಡುಗಿಯೊಬ್ಬಳು ತನ್ನ ಅಜ್ಜಿಗೆ ವಿವರಿಸಿದ್ದು ನೆನಪಾಗುತ್ತದೆ, ಅಜ್ಜಿಗೆ ತಕ್ಷಣ ಒಪ್ಪಿಗೆಯಾಯಿತಂತೆ.

ವೃತ್ತಿಪರ ಸಂಘವಾದ್ದರಿಂದ ಸಿಗ್ಮಾ ಆಲ್ಫಾ ಸೇರಿದರೂ ಬೇರೆಡೆ ವಾಸ ಮಾಡಬಹುದು, ಬೇರೆ ಸಂಘಗಳಲ್ಲೂ ಇರಬಹುದು. ಪಶುವೈದ್ಯಕೀಯ ಪ್ರವೇಶಕ್ಕೆ ತಯಾರಾಗುತ್ತಿರುವ, ವೇಳೆ ಕಡಿಮೆಯಿರುವ ಹುಡುಗಿಗೆ ಅದು ಸರಿ. ಅಕ್ಕತಂಗಿಯರ ಹಾಗೆ ನಾಲ್ಕು ವರ್ಷ ಜೊತೆಗಿರುವ ಒಂದು ಸಣ್ಣ ಗುಂಪು ಬೇಕೆನ್ನುವವಳು ಸೀರಿಸ್ ಕಡೆ ನೋಡಲಿ, ಆದರೆ ಅದರ ಶಾಖೆಗಳು ಎಲ್ಲ ಊರಲ್ಲೂ ಇಲ್ಲ.

ಕಾಡಿನವರು

ಅರಣ್ಯಶಾಸ್ತ್ರ, ವನ್ಯಜೀವಿ, ನೀರು ಮತ್ತು ಮಣ್ಣಿನ ವಿಷಯ ಓದುವವರಿಗೆ ಮನೆಗಳು ವಿರಳ. ಪೆನ್ ಸ್ಟೇಟ್‌ನಲ್ಲಿ 1924ರಿಂದ ಟೌ ಫೈ ಡೆಲ್ಟಾ ಎಂಬ ಫ್ರೆಟರ್ನಿಟಿ ಇದೆ, ಅದನ್ನು ‘ಟ್ರೀಹೌಸ್’ ಎಂದೇ ಕರೆಯುತ್ತಾರೆ. ಬೇಟೆ, ಮೀನುಗಾರಿಕೆ, ಮರ ಕಡಿಯುವ ಸ್ಪರ್ಧೆಗಳ ಸಂಸ್ಕೃತಿ ಅಲ್ಲಿಯದು. ಮಲೆನಾಡಿನಲ್ಲಿ ಬೆಳೆದವನಿಗೆ ಅರ್ಧ ಪರಿಚಿತ, ಅರ್ಧ ಅಪರಿಚಿತ ಎನಿಸೀತು. ಉಳಿದವರಿಗೆ ಗೌರವ ಸಂಘವೇ ಗತಿ: 1908ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಕ್ಸೈ ಸಿಗ್ಮಾ ಪೈ.

ಮನ್ನಣೆಯ ಸಂಘಗಳು

ಈಗ ಪಿಎಚ್‌ಡಿಯವರಿಗೆ. ಆಲ್ಫಾ ಜೀಟಾ ಎಲ್ಲಕ್ಕಿಂತ ಹಳೆಯದು, 1897ರಲ್ಲಿ ಓಹಾಯೊ ಸ್ಟೇಟ್‌ನಲ್ಲಿ ಹುಟ್ಟಿದ್ದು. ಮೊದಲ ಪದವಿಯ ವಿದ್ಯಾರ್ಥಿಗಳಿಗೆ ಹೆಚ್ಚು ಉಪಯುಕ್ತ, ಏಕೆಂದರೆ ಅಂಕಗಳ ಜೊತೆ ನಾಯಕತ್ವವನ್ನೂ ನೋಡುತ್ತದೆ, ಚಟುವಟಿಕೆಗಳೂ ಇರುತ್ತವೆ. ಗಾಮಾ ಸಿಗ್ಮಾ ಡೆಲ್ಟಾ ಸ್ನಾತಕೋತ್ತರ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಸೇರಿಸಿಕೊಳ್ಳುತ್ತದೆ. ಕರ್ನಾಟಕದಿಂದ ಬಂದು ಎರಡು ಮೂರು ವರ್ಷ ಮಾತ್ರ ಇರುವವರಿಗೆ ನನ್ನ ಮತ ಅದಕ್ಕೇ. ಒಂದು ಸಲದ ಶುಲ್ಕ ಅಥವಾ ಸಣ್ಣ ವಂತಿಗೆ, ವಸಂತದಲ್ಲಿ ಒಂದು ಸಮಾರಂಭ; ಆದರೆ ಆ ಕೋಣೆಯಲ್ಲಿ ನಿಮ್ಮ ವಿಭಾಗದಾಚೆಯ ಪ್ರಾಧ್ಯಾಪಕರು, ಡೀನ್, ವಿಸ್ತರಣಾ ಸೇವೆಯ ಹಿರಿಯರು ಎಲ್ಲ ಇರುತ್ತಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಕಣ್ಣುಬಿಟ್ಟಾಗ ಟೆನೆಸಿ ವಿಶ್ವವಿದ್ಯಾಲಯ ಕೈಜೋಡಿಸಿತ್ತು. ಬೋಧನೆ, ಸಂಶೋಧನೆ, ವಿಸ್ತರಣೆ ಒಂದೇ ಸೂರಿನಡಿ ಎಂಬ ಪದ್ಧತಿ ನಮಗೆ ಬಂದದ್ದು ಹೀಗೆ. ಆ ನಂಟಿನ ಮಾತು ಎತ್ತಿದರೆ ಹಿರಿಯ ಪ್ರಾಧ್ಯಾಪಕರು ಕುರ್ಚಿ ಎಳೆದು ಪಕ್ಕದಲ್ಲಿ ಕೂರುವುದನ್ನು ನಾನು ಕಂಡಿದ್ದೇನೆ.

ಅಂಕ ಸಾಲದೆ ಕರೆ ಬರದಿದ್ದರೆ ಬೇಸರ ಬೇಡ. 1980ರ ದಶಕದಲ್ಲಿ ಆರಂಭವಾದ ಮ್ಯಾನರ್ಸ್ ಎಂಬ ಸಂಘ ಕೃಷಿ ಮತ್ತು ನೈಸರ್ಗಿಕ ಸಂಪನ್ಮೂಲ ಓದುವ ಅಲ್ಪಸಂಖ್ಯಾತ ಹಿನ್ನೆಲೆಯವರಿಗೆಂದು ಇದೆ. ಗ್ರೀಕ್ ಅಕ್ಷರವಿಲ್ಲ, ದೀಕ್ಷೆಯಿಲ್ಲ, ವಾರ್ಷಿಕ ಸಮಾವೇಶದಲ್ಲಿ ಉದ್ಯೋಗದಾತರು ಇರುತ್ತಾರೆ. ಗೋಡೆಯ ಚಿತ್ರಪಟಗಳಲ್ಲಿ ತನ್ನಂಥ ಮುಖ ಕಾಣದೆ ಕುಗ್ಗಿದವರಿಗೆ ಅಲ್ಲಿ ಉಸಿರಾಡಲು ಸಲೀಸು.

ಕಾಲದ ಲೆಕ್ಕ

ಪೇಟೆಯಲ್ಲಿ ಬೆಳೆದ ಕನ್ನಡಿಗರ ಮಕ್ಕಳು ಸೋಲುವುದು ಸಾಮಾನ್ಯವಾಗಿ ಇಲ್ಲಿಯೇ. ಕೃಷಿ ಮನೆಗಳು ಕಾಲೇಜು ತೆರೆಯುವುದನ್ನು ಕಾಯುವುದಿಲ್ಲ. ಹೈಸ್ಕೂಲು ವಯಸ್ಸಿನವರ ಕೃಷಿ ಸಂಘಗಳಾದ ಎಫ್‌ಎಫ್‌ಎ, 4-ಎಚ್‌ಗಳಲ್ಲಿ ಹೆಸರು ಮಾಡಿದ ಹುಡುಗರನ್ನು ಬೇಸಿಗೆಯಲ್ಲೇ ಅವರ ಹೊಲಗಳಿಗೆ ಹೋಗಿ ಮಾತಾಡಿಸಿ, ಆಗಸ್ಟ್ ಬರುವ ಹೊತ್ತಿಗೆ ಹಾಸಿಗೆಗಳನ್ನು ತುಂಬಿಕೊಂಡಿರುತ್ತವೆ. ಎಫ್‌ಎಫ್‌ಎ ಸದಸ್ಯರ ನೀಲಿ ಕಾರ್ಡರಾಯ್ ಜಾಕೆಟ್ ಹಾಕಿರದ, ಉಪನಗರದ ಅಪಾರ್ಟ್‌ಮೆಂಟಿನಲ್ಲಿರುವ ನಿಮ್ಮ ಮಗನನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ. ಪ್ರವೇಶ ಖಚಿತವಾದ ವಾರವೇ, ಏಪ್ರಿಲ್ ಅಥವಾ ಮೇನಲ್ಲಿ, ಶಾಖೆಯ ನೇಮಕಾತಿ ಹೊಣೆ ಹೊತ್ತವರಿಗೆ ಅವನೇ ಪತ್ರ ಬರೆಯಲಿ. ಊರಿನ ಅಜ್ಜನ ಅಡಿಕೆ ತೋಟವೋ ರಾಗಿ ಹೊಲವೋ ಇದ್ದರೆ ಅದನ್ನು ಮೊದಲ ಸಾಲಿನಲ್ಲೇ ಬರೆಯಲಿ, ಬೇಸಿಗೆ ರಜೆಯಲ್ಲಿ ಅಲ್ಲಿ ತಾನು ಮಾಡಿದ ಕೆಲಸವನ್ನೂ ಸೇರಿಸಲಿ. ಗುತ್ತಿಗೆಗೆ ಸಹಿ ಹಾಕುವ ಮುನ್ನ, ಮಧ್ಯದಲ್ಲಿ ಮನೆ ಬಿಟ್ಟರೆ ಉಳಿದ ತಿಂಗಳ ಬಾಡಿಗೆ ಕಟ್ಟಬೇಕೇ ಎಂಬ ಸಾಲನ್ನು ಹುಡುಕಿ ಓದಿ.

ಪಿಎಚ್‌ಡಿಯವರ ಲಕೋಟೆ ಚಳಿ ಇಳಿಯುವ ಹೊತ್ತಿಗೆ, ಹೆಚ್ಚಾಗಿ ಫೆಬ್ರವರಿ ಮಾರ್ಚ್‌ನಲ್ಲಿ ಬರುತ್ತದೆ. ಈಗ ಅದು ಇಮೇಲ್ ಆಗಿ, ಬೇಡದ ಪತ್ರಗಳ ಕಡತಕ್ಕೆ ಬೀಳುವುದೂ ಉಂಟು. ಆ ಎರಡು ತಿಂಗಳು ಅಲ್ಲಿಯೂ ಒಮ್ಮೆ ಕಣ್ಣಾಡಿಸಿ, ಗ್ರೀಕ್ ಅಕ್ಷರ ಕಂಡರೆ ಅಳಿಸುವ ಮುನ್ನ ನಿಮ್ಮ ಮಾರ್ಗದರ್ಶಕರಿಗೆ ತೋರಿಸಿ.